ಕರೆಂಟ್ ಹೋಗಿ ಬಂದ ಮೇಲೆ ಮೆಷಿನ್‌ನ ಸೊನ್ನೆ ಎಲ್ಲಿಗೆ ಸರಿಯಿತು? ಲೀನಿಯರ್ ಸ್ಕೇಲ್‌ನ ರೆಫರೆನ್ಸ್ ದೋಷ ಹುಡುಕುವ ಬಗೆ

ಅರ್ಧ ಮುಗಿದ ಜಾಬ್ ಮಿಲ್ಲಿಂಗ್ ಮೆಷಿನ್ ಮೇಲೆ ಕಟ್ಟಿದ ಹಾಗೇ ಇದೆ. ಆರು ತೂತಿನಲ್ಲಿ ನಾಲ್ಕು ಆಗಿವೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮತ್ತೆ ಬಂದಾಗ ಡಿಜಿಟಲ್ ರೀಡೌಟ್, ಅಂದರೆ ಶಾಪ್‌ನಲ್ಲಿ ಎಲ್ಲರೂ ಡಿಆರ್‌ಒ ಎನ್ನುವ ಡಬ್ಬಿ, ಯಾವುದೋ ಅಂಕಿ ತೋರಿಸುತ್ತದೆ. ಕರೆಂಟ್ ಹೋಗುವಾಗ ಇದ್ದ ಅಂಕಿಯೇ ಇರಬಹುದು. ಆದರೆ ಈ ನಡುವೆ ಯಾರಾದರೂ ಹ್ಯಾಂಡಲ್ ಮುಟ್ಟಿದ್ದರೆ, ಟೇಬಲ್ ಲಾಕ್ ಸಡಿಲಿಸಿದ್ದರೆ, ಅದು ಡಬ್ಬಿಗೆ ಗೊತ್ತಿಲ್ಲ. ಉಳಿದ ಎರಡು ತೂತು ಸರಿಯಾದ ಜಾಗದಲ್ಲಿ ಬೀಳಬೇಕಾದರೆ ಲೀನಿಯರ್ ಸ್ಕೇಲ್, ಅಂದರೆ ಟೇಬಲ್ ಎಷ್ಟು ಸರಿಯಿತೆಂದು ಡಬ್ಬಿಗೆ ತಿಳಿಸುವ ಗೆರೆಗಳ ಪಟ್ಟಿ, ಅದರ ಮೇಲಿನ ಒಂದು ಗುರುತನ್ನು ಮತ್ತೆ ಹಿಡಿಯಬೇಕು. ಅದೇ ರೆಫರೆನ್ಸ್ ಮಾರ್ಕ್.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ನಲ್ಲಿ ಈ ಗುರುತಿನ ಮೇಲೆ ನಿಂತಿರುವುದು ಇನ್ನೂ ಹೆಚ್ಚು. ಸಾಫ್ಟ್ ಲಿಮಿಟ್ (ಪ್ರೋಗ್ರಾಂನಲ್ಲಿ ಹಾಕಿದ ಓಟದ ಮಿತಿ), ಟೂಲ್ ಬದಲಿಸುವ ಎತ್ತರ, ಪಿಚ್ ಎರರ್ ತಿದ್ದುಪಡಿ (ಉದ್ದಕ್ಕೂ ಬರುವ ಅಳತೆಯ ತಪ್ಪಿನ ಪಟ್ಟಿ), ವರ್ಕ್ ಆಫ್‌ಸೆಟ್ (ಜಾಬ್‌ನ ಸೊನ್ನೆ ಇರುವ ಜಾಗ) ಎಲ್ಲವನ್ನೂ ಅಲ್ಲಿಂದಲೇ ಅಳೆಯಲಾಗುತ್ತದೆ. ಅದು 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಸರಿದರೆ ಜಾಬ್ ರಿಜೆಕ್ಟ್ ಆಗಬಹುದು. 10 ಮಿಲಿಮೀಟರ್ ಸರಿದರೆ ಟೂಲ್ ಚೇಂಜರ್‌ನ ಕೈ ಸ್ಪಿಂಡಲ್‌ಗೆ ಬಡಿಯಬಹುದು.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಶಾಪ್‌ಗಳಲ್ಲಿ ಹಳೆಯ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್‌ಗೆ ಡಿಆರ್‌ಒ ಕೂರಿಸುವುದು, ಸ್ಕೇಲ್ ಇರುವ ಸೆಕೆಂಡ್ ಹ್ಯಾಂಡ್ ವಿಎಂಸಿ (ಸ್ಪಿಂಡಲ್ ಲಂಬವಾಗಿರುವ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್) ತರುವುದು ಈಗ ಮಾಮೂಲಿ. ಮೆಷಿನ್ ಜೊತೆ ಮ್ಯಾನ್ಯುಯಲ್ ಬಂದಿರುವುದಿಲ್ಲ, ಸರ್ವಿಸ್ ಎಂಜಿನಿಯರ್ ಬರುವುದು ವಾರದ ನಂತರ. ಹಾಗಾಗಿ ಮೊದಲ ತಪಾಸಣೆ ಆಪರೇಟರ್ ಮತ್ತು ಮೆಂಟೆನೆನ್ಸ್‌ನವರ ಕೈಗೇ ಬರುತ್ತದೆ. ಬಹಳ ಕಡೆ ಮೊದಲು ಮಾಡುವ ಕೆಲಸ ಸ್ಕೇಲ್ ಬಿಚ್ಚುವುದು. ಅದು ಕೊನೆಯ ಕೆಲಸವಾಗಬೇಕು. ಸೊನ್ನೆ ಎಷ್ಟು ಸರಿದಿದೆ ಎಂದು ಮೊದಲು ಅಳೆದರೆ ತಪ್ಪು ಗಾಜಿನಲ್ಲಿದೆಯೋ, ಬ್ರಾಕೆಟ್‌ನಲ್ಲಿದೆಯೋ, ಸ್ವಿಚ್‌ನಲ್ಲಿದೆಯೋ ಎಂಬುದನ್ನು ಆ ಅಂಕಿಯೇ ಬಹುಮಟ್ಟಿಗೆ ಹೇಳುತ್ತದೆ. ಅದು ಹೇಗೆಂದು ತಿಳಿಯಲು ಸ್ಕೇಲ್ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು.

## ಸ್ಕೇಲ್ ಎಣಿಸುತ್ತದೆ, ಓದುವುದಿಲ್ಲ

ಅಲ್ಯೂಮಿನಿಯಂ ಕವಚದೊಳಗೆ ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ 20 ಮೈಕ್ರಾನ್‌ಗೊಂದರಂತೆ ಗೆರೆ: 10 ಮೈಕ್ರಾನ್ ಕಪ್ಪು, 10 ಮೈಕ್ರಾನ್ ಖಾಲಿ. ಪಟ್ಟಿಯ ಉದ್ದಕ್ಕೂ ಓಡುವ ರೀಡಿಂಗ್ ಹೆಡ್‌ನಲ್ಲಿ ಒಂದು ಎಲ್‌ಇಡಿ, ಅಂಥದೇ ಗೆರೆಗಳಿರುವ ಸಣ್ಣ ಗಾಜು ಮತ್ತು ಬೆಳಕು ಹಿಡಿಯುವ ಸೆಲ್‌ಗಳಿವೆ. ಹೆಡ್ ಚಲಿಸಿದಂತೆ ಬೆಳಕು ಏರಿಳಿಯುತ್ತದೆ. ಈ ಏರಿಳಿತದಿಂದ ಎ ಮತ್ತು ಬಿ ಎಂಬ ಎರಡು ಸಿಗ್ನಲ್ ಹುಟ್ಟುತ್ತವೆ. ಒಂದು ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದೆ ಬರುತ್ತದೆ. ಯಾವುದು ಮೊದಲು ಬಂತು ಎಂಬುದರಿಂದ ದಿಕ್ಕು ಗೊತ್ತಾಗುತ್ತದೆ. ಎರಡರ ಏರು ಇಳಿತಗಳನ್ನೆಲ್ಲ ಎಣಿಸಿದರೆ ಒಂದು ಗೆರೆಗೆ ನಾಲ್ಕು ಎಣಿಕೆ, ಅಂದರೆ 5 ಮೈಕ್ರಾನ್ ರೆಸಲ್ಯೂಷನ್. 1 ಮೈಕ್ರಾನ್ ತೋರಿಸುವ ಸ್ಕೇಲ್‌ನಲ್ಲಿ ಗೆರೆ ಅಷ್ಟೇ ಇರುತ್ತದೆ, ಎಲೆಕ್ಟ್ರಾನಿಕ್ಸ್ ಅದನ್ನು ಇನ್ನೂ ಐದು ಪಾಲು ಮಾಡುತ್ತದೆ.

ಇಂಥ ಇನ್‌ಕ್ರಿಮೆಂಟಲ್ ಸ್ಕೇಲ್ ಕಣ್ಣು ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೆಜ್ಜೆ ಎಣಿಸುತ್ತ ನಡೆಯುವವನ ಹಾಗೆ. ಎಷ್ಟು ಹೆಜ್ಜೆ ಇಟ್ಟೆ ಎಂದು ಹೇಳಬಲ್ಲ, ಎಲ್ಲಿದ್ದೇನೆ ಎಂದು ಹೇಳಲಾರ. ನಡುವೆ ಎಚ್ಚರ ತಪ್ಪಿ ಎದ್ದರೆ ಲೆಕ್ಕ ಹೋಯಿತು. ದಾರಿಬದಿಯ ಕಿಲೋಮೀಟರ್ ಕಲ್ಲು ಕೈಗೆ ತಾಕಿದರೆ ಮಾತ್ರ ಲೆಕ್ಕ ಮತ್ತೆ ಕೂಡುತ್ತದೆ. ರೆಫರೆನ್ಸ್ ಮಾರ್ಕ್ ಆ ಕಲ್ಲು, ಆದರೆ ಅದರ ಮೇಲೆ ಅಂಕಿ ಬರೆದಿಲ್ಲ.

ಈ ಗುರುತು ಒಂದೇ ಗೆರೆಯಲ್ಲ. 10 ಮೈಕ್ರಾನ್ ಅಗಲದ ಒಂಟಿ ಗೆರೆ ತಡೆಯುವ ಬೆಳಕು ತೀರಾ ಕಡಿಮೆ. ಅದಕ್ಕೇ ಅಳತೆಯ ಗೆರೆಗಳ ಪಕ್ಕದಲ್ಲಿ ಬೇರೆ ಸಾಲು ಮಾಡಿ, ಅಲ್ಲಿ ಅಸಮ ಅಂತರದ ಗೆರೆಗಳ ಒಂದು ಗುಂಪು ಹಾಕಿರುತ್ತಾರೆ. ಹೆಡ್‌ನ ಗಾಜಿನಲ್ಲೂ ಅದೇ ವಿನ್ಯಾಸ ಇದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವ ಒಂದೇ ಜಾಗದಲ್ಲಿ ಸಿಗ್ನಲ್‌ನಲ್ಲಿ ಒಂದು ಶಿಖರ ಕಾಣುತ್ತದೆ. ಹೆಡ್‌ನ ಎಲೆಕ್ಟ್ರಾನಿಕ್ಸ್ ಎರಡು ವಿಷಯ ನೋಡುತ್ತದೆ: ಶಿಖರ ನಿಗದಿತ ಮಟ್ಟ ದಾಟಿತೇ, ಮತ್ತು ಆ ಹೊತ್ತಿಗೆ ಎ, ಬಿ ಎರಡೂ ನಿಗದಿತ ಸ್ಥಿತಿಯಲ್ಲಿವೆಯೇ. ಎರಡಕ್ಕೂ ಹೌದು ಎಂದಾದರೆ ಮಾತ್ರ ರೆಫರೆನ್ಸ್ ಪಲ್ಸ್ ಹೊರಗೆ ಬರುತ್ತದೆ. 5 ಮೈಕ್ರಾನ್ ಸ್ಕೇಲ್‌ನಲ್ಲಿ ಆ ಪಲ್ಸ್ ಅಗಲವೂ ಒಂದು ಎಣಿಕೆಯಷ್ಟು, ಅಂದರೆ 5 ಮೈಕ್ರಾನ್.

ಮುಂದಿನ ತೊಂದರೆಗಳೆಲ್ಲ ಈ ಎರಡು ಷರತ್ತಿನ ಸುತ್ತಲೇ ಬರುತ್ತವೆ. ಗಾಜಿನ ಮೇಲೆ ಎಣ್ಣೆ ಕೂತರೆ ಶಿಖರ ತಗ್ಗುತ್ತದೆ, ಪಲ್ಸ್ ಬರುವುದಿಲ್ಲ. ಹೆಡ್ ಓರೆಯಾದರೆ ಶಿಖರ ಪಕ್ಕಕ್ಕೆ ಸರಿದು ಪಕ್ಕದ ಗೆರೆಯ ಎ, ಬಿ ಜೊತೆ ಜೋಡಿಯಾಗುತ್ತದೆ. ಎಣಿಕೆ ಚೆನ್ನಾಗಿಯೇ ನಡೆಯುತ್ತಿದ್ದರೂ ರೆಫರೆನ್ಸ್ ಮಾತ್ರ ಕೆಡುವುದಕ್ಕೆ ಇದೇ ಕಾರಣ. ಅಳತೆಯ ಗೆರೆಗಳನ್ನು ಏಕಕಾಲಕ್ಕೆ ಬಹಳಷ್ಟು ಸೇರಿಸಿ ಓದುವುದರಿಂದ ಒಂದೆರಡು ಕಲೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರೆಫರೆನ್ಸ್ ಗುರುತು ಮಾತ್ರ ಒಂದೇ ಜಾಗದಲ್ಲಿದೆ, ಕಲೆ ಅಲ್ಲೇ ಬಿದ್ದರೆ ಬೇರೆ ದಾರಿಯಿಲ್ಲ.

## ಗುರುತುಗಳಲ್ಲಿ ಮೂರು ಜಾತಿ

ಕೆಲವು ಸ್ಕೇಲ್‌ನಲ್ಲಿ ಒಂದೇ ಗುರುತು, ನಡುವಿನಲ್ಲೋ ಒಂದು ತುದಿಯ ಹತ್ತಿರವೋ ಇರುತ್ತದೆ. ಇನ್ನು ಕೆಲವಲ್ಲಿ, ಅದರಲ್ಲೂ ಡಿಆರ್‌ಒ ಸ್ಕೇಲ್‌ಗಳಲ್ಲಿ, 50 ಮಿಲಿಮೀಟರ್‌ಗೊಂದು ಗುರುತು. ಕೆಲವು ಮಾಡೆಲ್‌ನಲ್ಲಿ ಬೇಕಾದ ಗುರುತನ್ನಷ್ಟೇ ಸಣ್ಣ ಮ್ಯಾಗ್ನೆಟ್ ಕೂರಿಸಿ ಆರಿಸಿಕೊಳ್ಳಬಹುದು.

ಮೂರನೆಯದು ದೂರವನ್ನೇ ಕೋಡ್ ಮಾಡಿದ ಗುರುತು. ಹೈಡನ್‌ಹೈನ್ ಕಂಪನಿಯ ಸ್ಕೇಲ್‌ಗಳ ಹೆಸರಿನ ಕೊನೆಯಲ್ಲಿ ಸಿ ಅಕ್ಷರ ಇದ್ದರೆ ಈ ಜಾತಿ. ಇಲ್ಲಿ ಕಲ್ಲುಗಳ ಮೇಲೆ ಅಂಕಿ ಇಲ್ಲದಿದ್ದರೂ ಕಲ್ಲಿನಿಂದ ಕಲ್ಲಿಗೆ ಇರುವ ಅಂತರ ಬೇರೆಬೇರೆ. 20 ಮೈಕ್ರಾನ್ ಗೆರೆಯ ಸ್ಕೇಲ್‌ನಲ್ಲಿ ಒಂದು ಸರಣಿಯ ಗುರುತುಗಳು 0, 20, 40 ಮಿಲಿಮೀಟರ್‌ಗೆ ಬರುತ್ತವೆ. ಅವುಗಳ ನಡುವೆ ಇನ್ನೊಂದು ಸರಣಿ 10.02, 30.04, 50.06ಕ್ಕೆ ಬರುತ್ತದೆ. ಹಾಗಾಗಿ ಮೊದಲ ಸರಣಿಯ ಗುರುತಿನಿಂದ ಮುಂದಿನ ಗುರುತಿಗೆ ಇರುವ ಅಂತರ ಒಂದು ಕಡೆ 10.02, ಮುಂದೆ 10.04, ಅದರ ಮುಂದೆ 10.06. ಅಕ್ಕಪಕ್ಕದ ಎರಡು ಗುರುತು ದಾಟಿದರೆ ಸಾಕು, ನಡುವಿನ ಗೆರೆ ಎಣಿಸಿ ಕಂಟ್ರೋಲ್, ಅಂದರೆ ಮೆಷಿನ್‌ನ ಕಂಪ್ಯೂಟರ್, ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಎಲ್ಲಿಂದ ಹೊರಟರೂ ಹೆಚ್ಚೆಂದರೆ 20 ಮಿಲಿಮೀಟರ್ ಓಡಿಸಿದರಾಯಿತು.

ಈ ಅನುಕೂಲದ ಒಳಗೇ ಒಂದು ಅಪಾಯವೂ ಇದೆ. 10.02ಕ್ಕೂ 10.04ಕ್ಕೂ ಇರುವ ವ್ಯತ್ಯಾಸ ಒಂದೇ ಗೆರೆ, 20 ಮೈಕ್ರಾನ್. ಎರಡು ಗುರುತಿನ ನಡುವೆ ಒಂದು ಗೆರೆಯ ಎಣಿಕೆ ತಪ್ಪಿದರೆ ಕಂಟ್ರೋಲ್ ತಾನು ಸ್ಕೇಲ್‌ನ ಮುಂದಿನ ಭಾಗದಲ್ಲಿದ್ದೇನೆ ಎಂದುಕೊಳ್ಳುತ್ತದೆ. ಸೊನ್ನೆ 20 ಮೈಕ್ರಾನ್ ಅಲ್ಲ, 20 ಮಿಲಿಮೀಟರ್ ಸರಿಯುತ್ತದೆ, ತಪ್ಪಿನ ಸಾವಿರ ಪಟ್ಟು.

ನಾಲ್ಕನೆಯದಾಗಿ ಅಬ್ಸಲ್ಯೂಟ್ ಸ್ಕೇಲ್ ಇದೆ. ಅದು ಸ್ವಿಚ್ ಹಾಕಿದೊಡನೆ ಇರುವ ಜಾಗ ಹೇಳುತ್ತದೆ, ರೆಫರೆನ್ಸ್ ಹುಡುಕುವ ಕೆಲಸವೇ ಇಲ್ಲ. ಈ ಲೇಖನ ಅದರ ಬಗ್ಗೆ ಅಲ್ಲ.

## ಮೊದಲು ಅಳೆಯಿರಿ

ಬೇಕಾದ್ದು 1 ಅಥವಾ 2 ಮೈಕ್ರಾನ್‌ನ ಲಿವರ್ ಡಯಲ್ (ಸಣ್ಣ ಸರಿತವನ್ನು ಮುಳ್ಳಿನಿಂದ ತೋರಿಸುವ ಗೇಜ್), ಮ್ಯಾಗ್ನೆಟಿಕ್ ಬೇಸ್, ಒಂದು ಕಾಗದ. ಬೇಸನ್ನು ಚಲಿಸದ ಭಾಗದ ಮೇಲೆ ಕೂರಿಸಿ, ಡಯಲ್‌ನ ಮೊನೆ ಟೇಬಲ್ ಮೇಲೆ ಕ್ಲಾಂಪ್ ಮಾಡಿದ ಬ್ಲಾಕ್‌ಗೆ ತಾಗುವಂತೆ ಇಡಿ. ಸ್ಕೇಲ್ ಮ್ಯಾಗ್ನೆಟಿಕ್ ಟೇಪ್ ಜಾತಿಯದಾದರೆ ಬೇಸನ್ನು ಅದರ ಹತ್ತಿರ ತರಲೇಬೇಡಿ, ಟೇಪ್ ಮೇಲಿನ ಗುರುತು ಅಳಿಸಿಹೋಗುತ್ತದೆ.

1. ಮೆಷಿನ್ ಆರಿಸಿ, ಹಾಕಿ, ರೆಫರೆನ್ಸ್ ಹಿಡಿಸಿ. ನಂತರ ಡಯಲ್ ಸೊನ್ನೆ ತೋರಿಸುವ ಜಾಗಕ್ಕೆ ಟೇಬಲ್ ತಂದು ಡಿಆರ್‌ಒ ಅಥವಾ ಕಂಟ್ರೋಲ್ ತೋರಿಸುವ ಅಂಕಿ ಬರೆದುಕೊಳ್ಳಿ. ಡಯಲ್ ಕಡೆಗೆ ಪ್ರತಿ ಸಲವೂ ಒಂದೇ ದಿಕ್ಕಿನಿಂದ ಬನ್ನಿ.
2. ಇದನ್ನು ಹತ್ತು ಸಲ ಮಾಡಿ.
3. ಆಮೇಲೆ ರೆಫರೆನ್ಸ್ ಗುರುತನ್ನು ಎದುರು ದಿಕ್ಕಿನಿಂದ ದಾಟಿಸಿ ಐದು ಸಲ ಮಾಡಿ.
4. ವೇಗ ಬದಲಿಸಿ ಇನ್ನೈದು ಸಲ ಮಾಡಿ.
5. ಬೆಳಿಗ್ಗೆ ಮೆಷಿನ್ ತಣ್ಣಗಿರುವಾಗ ಒಮ್ಮೆ, ಮಧ್ಯಾಹ್ನ ಬಿಸಿಯಾದ ಮೇಲೆ ಒಮ್ಮೆ ನೋಡಿ.

ಇದಕ್ಕೆ ಒಂದು ಗಂಟೆಯೂ ಹಿಡಿಯುವುದಿಲ್ಲ, ಬೆಳಿಗ್ಗೆ ಮಧ್ಯಾಹ್ನದ ಓದು ಬಿಟ್ಟರೆ. ಸ್ಕೇಲ್ ಬಿಚ್ಚಿ ಕಟ್ಟಿದರೆ ಅರ್ಧ ದಿನ ಹೋಗುತ್ತದೆ, ಮೊದಲಿನ ಜೋಡಣೆಯೂ ಹೋಗುತ್ತದೆ.

## ಅಂಕಿ ಏನು ಹೇಳುತ್ತದೆ

ವ್ಯತ್ಯಾಸ ಒಂದು ಎಣಿಕೆ, ಅಂದರೆ 5 ಮೈಕ್ರಾನ್ ಸ್ಕೇಲ್‌ನಲ್ಲಿ 5 ಮೈಕ್ರಾನ್ ಇದ್ದು, ಅದೂ ದಿಕ್ಕು ಬದಲಿಸಿದಾಗ ಮಾತ್ರ ಬರುತ್ತಿದ್ದರೆ ಸ್ಕೇಲ್ ಸರಿಯಿದೆ. ಪಲ್ಸ್‌ಗೆ ಎರಡು ಅಂಚಿವೆ. ಎಡದಿಂದ ಬಂದಾಗ ಒಂದು ಅಂಚು, ಬಲದಿಂದ ಬಂದಾಗ ಇನ್ನೊಂದು ಅಂಚು ಮೊದಲು ಸಿಗುತ್ತದೆ. ರೆಫರೆನ್ಸನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಹಿಡಿಸುವುದೇ ಪರಿಹಾರ. ಸಿಎನ್‌ಸಿ ಇದನ್ನು ತಾನೇ ಮಾಡುತ್ತದೆ. ಡಿಆರ್‌ಒದಲ್ಲಿ ಆಪರೇಟರ್ ನೆನಪಿಡಬೇಕು.

ದಿಕ್ಕು ಬದಲಿಸಿದಾಗ 15, 30, 50 ಮೈಕ್ರಾನ್ ಹೀಗೆ ನಿಗದಿಯಿಲ್ಲದ ವ್ಯತ್ಯಾಸ ಬಂದರೆ ಹೆಡ್ ಹಿಡಿದಿರುವ ಬ್ರಾಕೆಟ್ ನೋಡಿ. ಡಿಆರ್‌ಒ ಕಟ್ಟುವಾಗ ಜಾಗ ಸಾಲದೆ ತೆಳು ಪಟ್ಟಿಯನ್ನು ಬಗ್ಗಿಸಿ ಬ್ರಾಕೆಟ್ ಮಾಡಿರುತ್ತಾರೆ. ಸೀಲ್‌ನ ತಿಕ್ಕಾಟಕ್ಕೆ ಅದು ಪ್ರತಿ ದಿಕ್ಕಿಗೂ ಸ್ವಲ್ಪ ಬಾಗುತ್ತದೆ. ಟೇಬಲ್ ಲಾಕ್ ಮಾಡಿ, ಹೆಡ್ಡನ್ನು ಚಲನೆಯ ದಿಕ್ಕಿನಲ್ಲಿ ಬೆರಳಿನಿಂದ ಒತ್ತಿ ನೋಡಿ. ಅಂಕಿ ಬದಲಾಗಿ, ಬಿಟ್ಟಾಗ ಮೊದಲಿನದಕ್ಕೆ ಮರಳಿದರೆ ಬ್ರಾಕೆಟ್ ಮೆತ್ತಗಿದೆ. ಮರಳದಿದ್ದರೆ ಬೋಲ್ಟ್ ಸಡಿಲವಾಗಿದೆ. ಡಿಆರ್‌ಒಗಳಲ್ಲಿ ರೆಫರೆನ್ಸ್ ತಪ್ಪು ಎಂದು ಬರುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ, ಗಾಜನ್ನಲ್ಲ.

ಸರಿಯಾಗಿ 20 ಮೈಕ್ರಾನ್, ಅಂದರೆ ಒಂದು ಗೆರೆ, ಅದೂ ಕೆಲವೊಮ್ಮೆ ಮಾತ್ರ ಸರಿದರೆ ಶಿಖರ ತನ್ನ ಗೆರೆ ಬಿಟ್ಟು ಪಕ್ಕದ ಗೆರೆಯ ಅಂಚಿಗೆ ಬಂದಿದೆ. ಹೆಡ್ ಓರೆಯಾಗಿರಬಹುದು, ಹೆಡ್ ಮತ್ತು ಕವಚದ ನಡುವಿನ ಅಂತರ ಬದಲಾಗಿರಬಹುದು, ಗುರುತಿನ ಮೇಲೆ ಕಲೆ ಇರಬಹುದು. ಇದನ್ನು ಹಾಗೇ ಬಿಟ್ಟರೆ ಕೆಲದಿನದಲ್ಲಿ ರೆಫರೆನ್ಸ್ ಬರುವುದೇ ನಿಲ್ಲಬಹುದು.

50 ಮಿಲಿಮೀಟರ್ ಅಥವಾ ಅದರ ಗುಣಕ ಸರಿದಿದ್ದರೆ ಪಕ್ಕದ ಗುರುತು ಹಿಡಿದಿದೆ. ಗುರುತುಗಳೆಲ್ಲ ಒಂದೇ ಥರ, ಡಿಆರ್‌ಒಗೆ ಯಾವುದೆಂದು ತಿಳಿಯುವುದಿಲ್ಲ. ಇಲ್ಲಿ ರಿಪೇರಿಯ ಮಾತೇ ಇಲ್ಲ. ಬೆಡ್ ಮೇಲೂ ಸ್ಯಾಡಲ್ ಮೇಲೂ ಪೇಂಟ್‌ನಿಂದ ಗೆರೆ ಎಳೆದು, ಎರಡೂ ಎದುರುಬದುರು ಬಂದ ಮೇಲೆ ರೆಫರೆನ್ಸ್ ಬಟನ್ ಒತ್ತಿ ಟೇಬಲ್ ಓಡಿಸಬೇಕು. ಗೆರೆ ಎಳೆಯುವ ಜಾಗ ಎರಡು ಗುರುತುಗಳ ನಡುಮಧ್ಯ ಇರಲಿ, ಆಗ ಕೈ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

20 ಮಿಲಿಮೀಟರ್‌ನ ಗುಣಕ, ಅದೂ ಕೋಡ್ ಮಾಡಿದ ಸ್ಕೇಲ್‌ನಲ್ಲಿ ಬಂದರೆ, ಮೇಲೆ ಹೇಳಿದಂತೆ ನಡುವೆ ಗೆರೆ ಎಣಿಕೆ ತಪ್ಪಿದೆ. ಇಲ್ಲಿ ರೆಫರೆನ್ಸ್ ಗುರುತು ಚೆನ್ನಾಗಿಯೇ ಇರಬಹುದು. ಎ, ಬಿ ಸಿಗ್ನಲ್ ದುರ್ಬಲವಾಗಿದೆ ಅಥವಾ ಕೇಬಲ್‌ಗೆ ನಾಯ್ಸ್ (ಹೊರಗಿನಿಂದ ನುಸುಳುವ ವಿದ್ಯುತ್ ಅಡಚಣೆ) ಬರುತ್ತಿದೆ. ಟೇಬಲನ್ನು ಪೂರ್ತಿ ಉದ್ದ ಇಪ್ಪತ್ತು ಸಲ ಓಡಿಸಿ ಡಯಲ್ ಜಾಗಕ್ಕೆ ಮರಳಿ ಬನ್ನಿ. ರೆಫರೆನ್ಸ್ ಹಿಡಿಸದೆಯೇ ಅಂಕಿ ಬದಲಾಗಿದ್ದರೆ ಎಣಿಕೆ ತಪ್ಪುತ್ತಿರುವುದು ಖಚಿತ.

ಬಾಲ್ ಸ್ಕ್ರೂ ಪಿಚ್‌ನಷ್ಟು (ಟೇಬಲ್ ಓಡಿಸುವ ಸ್ಕ್ರೂ ಒಂದು ಸುತ್ತಿಗೆ ಸರಿಸುವ ದೂರ), ಉದಾಹರಣೆಗೆ ಸರಿಯಾಗಿ 10 ಮಿಲಿಮೀಟರ್ ಸರಿದರೆ ಸ್ಕೇಲ್ ಕಡೆ ನೋಡುವುದೇ ಬೇಡ. ಆ ಅಕ್ಷದ ಸೊನ್ನೆ ಮೋಟಾರ್‌ನ ಎನ್‌ಕೋಡರ್‌ನಿಂದ, ಅಂದರೆ ಸುತ್ತು ಎಣಿಸುವ, ಸುತ್ತಿಗೊಂದು ಗುರುತು ಕೊಡುವ ಸಾಧನದಿಂದ ಬರುತ್ತಿದೆ, ಡಾಗ್ (ಲಿಮಿಟ್ ಸ್ವಿಚ್ ಒತ್ತುವ ಲೋಹದ ತುಂಡು) ಮತ್ತು ಲಿಮಿಟ್ ಸ್ವಿಚ್‌ನ ತಕರಾರು ಅದು. ಕೆಳಗೆ ಬರುತ್ತದೆ.

ನಿಧಾನವಾಗಿ ಸರಿದು, ಮರುದಿನ ಬೆಳಿಗ್ಗೆ ತಾನೇ ಸರಿಹೋದರೆ ಅದು ಶಾಖ. ಗಾಜಿನ ಸ್ಕೇಲ್ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 8 ಮೈಕ್ರಾನ್ ಹಿಗ್ಗುತ್ತದೆ. 5 ಡಿಗ್ರಿ ಏರಿದರೆ ಮೀಟರ್‌ಗೆ 40 ಮೈಕ್ರಾನ್ ಆಯಿತು. ಮೆಷಿನ್‌ನ ಎರಕ, ಜಾಬ್, ಗಾಜು ಮೂರೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ರೆಫರೆನ್ಸ್ ಇಲ್ಲಿ ನಿರಪರಾಧಿ.

ಒಂದೇ ಸಲ ಸರಿದು, ಆಮೇಲೆ ಎಷ್ಟು ಸಲ ನೋಡಿದರೂ ಹೊಸ ಜಾಗದಲ್ಲೇ ಗಟ್ಟಿಯಾಗಿ ನಿಂತಿದ್ದರೆ ಸ್ಕೇಲ್‌ನ ಕವಚವೇ ಪೆಟ್ಟು ತಿಂದು ಜರುಗಿದೆ, ಇಲ್ಲವೇ ಯಾರೋ ಆಫ್‌ಸೆಟ್ ಪ್ಯಾರಾಮೀಟರ್ ಬದಲಿಸಿದ್ದಾರೆ.

## ರೆಫರೆನ್ಸ್ ಬರುವುದೇ ಇಲ್ಲ ಎಂದರೆ

ಮೊದಲ ಪ್ರಶ್ನೆ: ಟೇಬಲ್ ಓಡಿಸಿದರೆ ಅಂಕಿ ಬದಲಾಗುತ್ತದೆಯೇ? ಇಲ್ಲವಾದರೆ ಕೇಬಲ್, ವಿದ್ಯುತ್ ಅಥವಾ ಹೆಡ್ಡೇ ಕೆಟ್ಟಿದೆ, ರೆಫರೆನ್ಸ್ ವಿಚಾರ ಆಮೇಲೆ. ಅಂಕಿ ಓಡುತ್ತಿದ್ದರೆ ಡಿಆರ್‌ಒ ಸೆಟಪ್ ನೋಡಿ. ಸ್ಕೇಲ್‌ನ ಜಾತಿಯನ್ನು ಕೋಡ್ ಮಾಡಿದ್ದು ಎಂದು ಇಟ್ಟು, ಒಂಟಿ ಗುರುತಿನ ಸ್ಕೇಲ್ ಕಟ್ಟಿದ್ದರೆ ಡಬ್ಬಿ ಎರಡನೇ ಗುರುತಿಗಾಗಿ ಕೊನೆಯವರೆಗೂ ಕಾಯುತ್ತದೆ. ಹೆಡ್ ಓಡುವ ಉದ್ದದೊಳಗೆ ಗುರುತು ಬರುತ್ತದೆಯೇ ಎಂಬುದನ್ನೂ ನೋಡಬೇಕು. ಬೇಕಾದ್ದಕ್ಕಿಂತ ಉದ್ದದ ಸ್ಕೇಲ್ ಅಗ್ಗಕ್ಕೆ ಸಿಕ್ಕಿತೆಂದು ಕಟ್ಟಿದಾಗ ಒಂಟಿ ಗುರುತು ಟೇಬಲ್ ತಲುಪದ ತುದಿಯಲ್ಲಿ ಉಳಿದಿರುವುದುಂಟು.

ಆಮೇಲೆ ವೇಗ. ನಿಮಿಷಕ್ಕೆ 1 ಮೀಟರ್ ವೇಗದಲ್ಲಿ 5 ಮೈಕ್ರಾನ್ ಅಗಲದ ಪಲ್ಸ್ 0.3 ಮಿಲಿಸೆಕೆಂಡ್ ಇರುತ್ತದೆ. ನಿಮಿಷಕ್ಕೆ 10 ಮೀಟರ್ ಆದರೆ 30 ಮೈಕ್ರೋಸೆಕೆಂಡ್. ವೇಗವಾಗಿ ತಳ್ಳಿದರೆ ಹಿಡಿಯದೆ, ನಿಧಾನಕ್ಕೆ ಹಿಡಿದರೆ ಪಲ್ಸ್ ಇದೆ, ಡಬ್ಬಿಗೆ ಸಾಲುತ್ತಿಲ್ಲ. ಇದೇ ಕಾರಣಕ್ಕೆ ಮಲ್ಟಿಮೀಟರ್‌ನಲ್ಲಿ ಈ ಪಲ್ಸ್ ಹುಡುಕುವುದು ವ್ಯರ್ಥ. ಆಸಿಲ್ಲೋಸ್ಕೋಪ್ ಬೇಕು, ಸಿಂಗಲ್ ಟ್ರಿಗರ್‌ನಲ್ಲಿ ಇಟ್ಟು ಟೇಬಲ್ ಓಡಿಸಬೇಕು. ಚೌಕಾಕಾರದ ಅಲೆ ಕೊಡುವ ಆರ್‌ಎಸ್-422 ಸ್ಕೇಲ್‌ನಲ್ಲಿ ರೆಫರೆನ್ಸ್‌ಗೆ ಎರಡು ತಂತಿ ಇರುತ್ತದೆ, ಒಂದು ಏರಿದಾಗ ಇನ್ನೊಂದು ಇಳಿಯಬೇಕು. ಒಂದೇ ತಂತಿಯಲ್ಲಿ ಪಲ್ಸ್ ಕಂಡರೆ ಇನ್ನೊಂದು ಕೇಬಲ್‌ನಲ್ಲಿ ತುಂಡಾಗಿದೆ. ಸೈನ್ ಅಲೆಯ 1 ವೋಲ್ಟ್ ಸ್ಕೇಲ್‌ನಲ್ಲಿ ಎ, ಬಿ ಎರಡೂ ಪೀಕ್‌ನಿಂದ ಪೀಕ್‌ಗೆ 0.6ರಿಂದ 1.2 ವೋಲ್ಟ್ ಒಳಗಿರಬೇಕು. ಸ್ಕೇಲ್‌ನ ಉದ್ದಕ್ಕೂ ನೋಡಿ, ಒಂದು ಜಾಗದಲ್ಲಿ ಮಾತ್ರ ಕುಸಿದರೆ ಅಲ್ಲಿ ಕೊಳೆ ಇದೆ.

ಆಸಿಲ್ಲೋಸ್ಕೋಪ್ ಇಲ್ಲದಿದ್ದರೆ ಡಿಆರ್‌ಒದಲ್ಲಿ ಸುಲಭ ಉಪಾಯ: ಎಕ್ಸ್, ವೈ ಕನೆಕ್ಟರ್ ಅದಲುಬದಲು ಮಾಡಿ. ತೊಂದರೆ ಸ್ಕೇಲ್ ಜೊತೆ ಹೋದರೆ ಸ್ಕೇಲ್ ಅಥವಾ ಅದರ ಕೇಬಲ್, ಅದೇ ಅಕ್ಷದಲ್ಲಿ ಉಳಿದರೆ ಡಬ್ಬಿ. ಸಿಎನ್‌ಸಿಯಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಸರ್ವೋ, ಅಂದರೆ ಅಕ್ಷ ಓಡಿಸುವ ಮೋಟಾರ್ ಮತ್ತು ಡ್ರೈವ್, ತನ್ನ ಜಾಗವನ್ನು ಸ್ಕೇಲ್‌ನಿಂದಲೇ ತಿಳಿಯುತ್ತದೆ. ಬೇರೆ ಅಕ್ಷದ ಸ್ಕೇಲ್ ಸಿಕ್ಕಿಸಿ ಸರ್ವೋ ಆನ್ ಮಾಡಿದರೆ ಅಕ್ಷ ನಿಯಂತ್ರಣ ತಪ್ಪಿ ಓಡುತ್ತದೆ.

## ಕೊಳೆ ಬರುವುದು ಎಲ್ಲಿಂದ

ಸ್ಕೇಲ್ ಸೀಲ್ ಆಗಿದೆ ಎನ್ನುವುದು ಅರ್ಧ ಸತ್ಯ. ಹೆಡ್ ಓಡಲು ಕವಚದಲ್ಲಿ ಉದ್ದ ಸೀಳು ಇದೆ, ಅದನ್ನು ಎರಡು ರಬ್ಬರ್ ತುಟಿಗಳು ಮುಚ್ಚಿರುತ್ತವೆ. ಕಟ್ಟುವಾಗ ತುಟಿ ಕೆಳಮುಖವಾಗಿ ಅಥವಾ ಕೂಲಂಟ್‌ಗೆ ಬೆನ್ನು ಮಾಡಿ ಇರಬೇಕು. ಮೇಲ್ಮುಖವಾಗಿದ್ದರೆ ಚಿಪ್ಸ್ ಅಲ್ಲೇ ಕೂತು ತುಟಿ ಕೊರೆಯುತ್ತದೆ. ಕೆಲಸ ಮುಗಿದ ಮೇಲೆ ಏರ್ ಗನ್ ಹಿಡಿದು ಎಲ್ಲವನ್ನೂ ಊದುವ ಅಭ್ಯಾಸವೂ ಕೂಲಂಟನ್ನು ತುಟಿಯೊಳಗೆ ತಳ್ಳುತ್ತದೆ. ಸ್ಕೇಲ್ ಸುತ್ತ ಬಟ್ಟೆ ಅಥವಾ ಬ್ರಶ್ ಸಾಕು.

ಸಿಎನ್‌ಸಿ ಸ್ಕೇಲ್‌ಗಳಿಗೆ ಒಳಗಿನಿಂದ ಗಾಳಿ ಕೊಟ್ಟು ಸಣ್ಣ ಒತ್ತಡ ಇಟ್ಟಿರುತ್ತಾರೆ. ಒಂದು ಸ್ಕೇಲ್‌ಗೆ ನಿಮಿಷಕ್ಕೆ ಸುಮಾರು 7ರಿಂದ 10 ಲೀಟರ್. ಈ ಗಾಳಿ ಒಣಗಿದ್ದು, ಎಣ್ಣೆಯಿಲ್ಲದ್ದು ಆಗಿರಬೇಕು. ಕಂಪ್ರೆಸರ್ ಟ್ಯಾಂಕಿನ ನೀರು ಬಿಡದೆ, ಫಿಲ್ಟರ್ ಬದಲಿಸದೆ ಬಿಟ್ಟರೆ ರಕ್ಷಣೆಗೆ ಕೊಟ್ಟ ಗಾಳಿಯೇ ಎಣ್ಣೆ, ನೀರನ್ನು ನೇರ ಗಾಜಿನ ಮೇಲೆ ಹಾಕುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಿರುವಾಗ ಇದನ್ನು ಮೊದಲು ನೋಡಬೇಕು. ಗಾಳಿಯ ಪೈಪನ್ನು ಸ್ಕೇಲ್ ಕಡೆಯಿಂದ ಬಿಚ್ಚಿ, ಬಿಳಿ ಟಿಶ್ಯೂ ಕಾಗದಕ್ಕೆ ಒಂದೆರಡು ನಿಮಿಷ ಹಿಡಿಯಿರಿ. ಕಾಗದ ಒದ್ದೆಯಾದರೆ ಅಥವಾ ಹಳದಿಯಾದರೆ ಸ್ಕೇಲ್ ತೊಳೆದು ಪ್ರಯೋಜನವಿಲ್ಲ, ಫಿಲ್ಟರ್ ಸರಿಪಡಿಸಿದ ಮೇಲೆ ತೊಳೆಯಬೇಕು.

ತೊಳೆಯುವುದೇ ಆದರೆ ಮೊದಲು ಹೆಡ್ ಮತ್ತು ಕವಚ ಎರಡರ ಜಾಗವನ್ನೂ ಗೀರಿ ಗುರುತು ಮಾಡಿಕೊಳ್ಳಿ. ತುದಿಯ ಮುಚ್ಚಳ ತೆಗೆದು ಹೆಡ್ಡನ್ನು ನೇರವಾಗಿ ಹೊರಗೆ ಎಳೆಯಿರಿ, ಓರೆ ಮಾಡಿದರೆ ಒಳಗಿನ ಸಣ್ಣ ಬೇರಿಂಗ್ ಮತ್ತು ಸ್ಪ್ರಿಂಗ್ ಕೆಡುತ್ತವೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಗಾಜನ್ನು ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಭಾಗ ಬಳಸಿ. ಹೆಡ್‌ನ ಸಣ್ಣ ಗಾಜನ್ನೂ ಹಾಗೆಯೇ. ಥಿನ್ನರ್, ಅಸಿಟೋನ್ ಬೇಡ, ಅಂಟು ಮತ್ತು ರಬ್ಬರ್ ಕರಗುತ್ತವೆ. ವಾರಂಟಿ ಇರುವ ಸ್ಕೇಲನ್ನು, ಮೀಟರ್‌ಗಿಂತ ಉದ್ದದ್ದನ್ನು ತಯಾರಕರ ಸರ್ವಿಸ್‌ಗೆ ಕೊಡುವುದೇ ಲೇಸು.

ಮರಳಿ ಕಟ್ಟುವಾಗ ಕವಚದ ಮೇಲೆ ಡಯಲ್ ಓಡಿಸಿ, ಗೈಡ್‌ವೇಗೆ ಸಮಾನಾಂತರ ಇರುವುದನ್ನು ಎರಡೂ ಮುಖದಲ್ಲಿ ನೋಡಿ. ಪೂರ್ತಿ ಉದ್ದಕ್ಕೆ 0.1 ಮಿಲಿಮೀಟರ್ ಒಳಗೆ ತನ್ನಿ. ಹೆಡ್ ಮತ್ತು ಕವಚದ ನಡುವಿನ ಅಂತರ ಎಷ್ಟಿರಬೇಕೆಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಡಬ್ಬದಲ್ಲಿ ಬಂದ ಪ್ಲಾಸ್ಟಿಕ್ ತುಣುಕುಗಳು ಆ ಅಳತೆಯವೇ, ಅವನ್ನು ಎಸೆಯದಿದ್ದರೆ ಫೀಲರ್ ಗೇಜ್ ಹುಡುಕಬೇಕಿಲ್ಲ. ಅಂತರ ಎರಡೂ ತುದಿಯಲ್ಲಿ ಒಂದೇ ಇರಲಿ.

## ತಂತಿ ಮತ್ತು ನಾಯ್ಸ್

ಸ್ಕೇಲ್‌ಗೆ 5 ವೋಲ್ಟ್ ಬೇಕು, ಅದೂ ಹೆಡ್ ಹತ್ತಿರ. ಡಬ್ಬಿಯ ಹತ್ತಿರ 5 ಇದ್ದು, ಉದ್ದ ಕೇಬಲ್ ದಾಟಿ 4.75ಕ್ಕಿಂತ ಇಳಿದರೆ ಎಲ್‌ಇಡಿ ಮಂಕಾಗುತ್ತದೆ, ಮೊದಲು ಪೆಟ್ಟು ಬೀಳುವುದು ರೆಫರೆನ್ಸ್‌ಗೆ. ಎಕ್ಸ್‌ಟೆನ್ಷನ್ ಕೇಬಲ್ ಸೇರಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಇದನ್ನೇ ಅಳೆಯಿರಿ.

ಇಲ್ಲದ ಜಾಗದಲ್ಲಿ ರೆಫರೆನ್ಸ್ ಸಿಕ್ಕಿತು ಎಂದು ಡಬ್ಬಿ ಹೇಳಿದರೆ ಅದು ನಾಯ್ಸ್. ಸ್ಪಿಂಡಲ್ ಆರಿಸಿ ಹತ್ತು ಸಲ, ಓಡಿಸಿ ಹತ್ತು ಸಲ ರೆಫರೆನ್ಸ್ ಹಿಡಿಸಿ ಹೋಲಿಸಿ. ಸ್ಪಿಂಡಲ್ ಓಡುವಾಗ ಮಾತ್ರ ತಪ್ಪಿದರೆ ಡ್ರೈವ್‌ನ ಮೋಟಾರ್ ಕೇಬಲ್ ಪಕ್ಕದಲ್ಲೇ ಸ್ಕೇಲ್ ಕೇಬಲ್ ಕಟ್ಟಿರುವುದು ಸಾಮಾನ್ಯ ಕಾರಣ. ಎರಡನ್ನೂ ಬೇರೆ ಮಾಡಿ, ಎಲ್ಲಿ ದಾಟಲೇಬೇಕೋ ಅಲ್ಲಿ ಅಡ್ಡಡ್ಡ ದಾಟಿಸಿ. ಕೇಬಲ್‌ನ ಶೀಲ್ಡ್ ಕನೆಕ್ಟರ್‌ನ ಲೋಹದ ಕವಚಕ್ಕೆ ಸುತ್ತಲೂ ತಾಗಿರಬೇಕು. ಶೀಲ್ಡನ್ನು ಜಡೆ ಹೆಣೆದು ಒಂದು ಪಿನ್‌ಗೆ ಬೆಸುಗೆ ಹಾಕಿದ್ದರೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸ್ಕೇಲ್ ಕವಚದಿಂದ ಮೆಷಿನ್ ಬೆಡ್‌ಗೆ ಓಮ್ ಅಳೆಯಿರಿ, ಒಂದು ಓಮ್‌ಗಿಂತ ಕಡಿಮೆ ಬರಬೇಕು. ಪೇಂಟ್ ಮೇಲೆ ಕಟ್ಟಿದ ಸ್ಕೇಲ್‌ಗಳಲ್ಲಿ ಇದು ಬರುವುದಿಲ್ಲ. ಮೆಷಿನ್ ಮೇಲೆ ವೆಲ್ಡಿಂಗ್ ಮಾಡುವ ಮುನ್ನ ಸ್ಕೇಲ್ ಕನೆಕ್ಟರ್ ಬಿಚ್ಚುವುದನ್ನು ಯಾರೂ ಮರೆಯಬಾರದು.

## ಸಿಎನ್‌ಸಿ ಕಂಟ್ರೋಲ್‌ನ ಒಳಗೆ

ಡಾಗ್ ಇರುವ ಮೆಷಿನ್‌ನಲ್ಲಿ ಹೋಮಿಂಗ್, ಅಂದರೆ ಸೊನ್ನೆ ಹಿಡಿಯುವ ಓಟ, ಹೀಗೆ: ಅಕ್ಷ ವೇಗವಾಗಿ ಓಡುತ್ತದೆ, ಲಿಮಿಟ್ ಸ್ವಿಚ್ ಡಾಗ್ ಏರಿದೊಡನೆ ನಿಧಾನಿಸುತ್ತದೆ, ಡಾಗ್ ಇಳಿದ ಮೇಲೆ ಸಿಗುವ ಮೊದಲ ಗುರುತಿಗೆ ನಿಲ್ಲುತ್ತದೆ. ಅಂದರೆ ಸಾಲು ಗುರುತಿನಲ್ಲಿ ಯಾವುದು ಎಂದು ಆರಿಸುವುದು ಸ್ವಿಚ್, ಕರಾರುವಾಕ್ಕು ಜಾಗ ಕೊಡುವುದು ಗುರುತು. ಸ್ವಿಚ್ ಬಿಡುವ ಜಾಗ ಗುರುತಿಗೆ ತೀರಾ ಹತ್ತಿರವಿದ್ದರೆ, ಚಿಪ್ಸ್ ಸಿಕ್ಕಿ ಸ್ವಿಚ್ ಸ್ವಲ್ಪ ತಡವಾಗಿ ಬಿಟ್ಟ ದಿನ ಅಕ್ಷ ಆ ಗುರುತು ತಪ್ಪಿಸಿ ಮುಂದಿನದಕ್ಕೆ ಹೋಗುತ್ತದೆ. ಸ್ಕ್ರೂ ಪಿಚ್‌ನಷ್ಟು ಸರಿಯುವ ತೊಂದರೆಯ ಮೂಲ ಇದು.

ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ಡಯಾಗ್ನೋಸಿಸ್ 302 ನೋಡಿ. ಡಾಗ್ ಇಳಿದ ಮೇಲೆ ಮೊದಲ ಗುರುತಿಗೆ ಇರುವ ದೂರ ಅದು. ಗುರುತುಗಳ ನಡುವಿನ ದೂರದ ಅರ್ಧದ ಹತ್ತಿರ ಇರಬೇಕು. 10 ಮಿಲಿಮೀಟರ್ ಇದ್ದರೆ 5ರ ಆಸುಪಾಸು. 0.3 ಅಥವಾ 9.7 ಕಂಡರೆ ಡಾಗ್ ಸರಿಸಲೇಬೇಕು. ಅಲಾರಾಂ 90 ಬರುವುದು ಗುರುತಿಗೆ ತೀರಾ ಹತ್ತಿರದಿಂದ ಹೊರಟಾಗ, ಇಲ್ಲವೇ ವೇಗ ಸಾಲದಾದಾಗ. ಸರ್ವೋ ತನ್ನ ಗುರಿಗಿಂತ ಕನಿಷ್ಠ 128 ಪಲ್ಸ್ ಹಿಂದೆ ಬೀಳುವಷ್ಟು ವೇಗ ಬೇಕು. 1 ಮೈಕ್ರಾನ್ ಪಲ್ಸ್, ಲೂಪ್ ಗೇನ್ (ಸರ್ವೋ ಗುರಿಯನ್ನು ಹಿಂಬಾಲಿಸುವ ಚುರುಕು) 30 ಇರುವ ಮೆಷಿನ್‌ಗೆ ಅದು ನಿಮಿಷಕ್ಕೆ ಸುಮಾರು 230 ಮಿಲಿಮೀಟರ್. ಹೊಸ ಆಪರೇಟರ್ ಹೆದರಿ ರಾಪಿಡ್ ಓವರ್‌ರೈಡನ್ನು (ಓಟದ ವೇಗ ಹೆಚ್ಚುಕಡಿಮೆ ಮಾಡುವ ಸ್ವಿಚ್) ಕೆಳಗಿಟ್ಟಿದ್ದರೆ ಮೆಷಿನ್ ಕೆಟ್ಟಂತೆ ಕಾಣುವುದು ಇದರಿಂದಲೇ. ಅಕ್ಷವನ್ನು ಹಿಂದಕ್ಕೆ ತಂದು ಓವರ್‌ರೈಡ್ ಏರಿಸಿ ಮತ್ತೆ ಹೋಮ್ ಮಾಡಿ. ಅಲಾರಾಂ 447 ಬಂದರೆ ಹೊರಗಿನ ಸ್ಕೇಲ್‌ನ ತಂತಿ ಕಡಿದಿದೆ ಎಂದು ಕಂಟ್ರೋಲ್ ಹೇಳುತ್ತಿದೆ.

ಕೋಡ್ ಮಾಡಿದ ಸ್ಕೇಲ್ ಇದ್ದರೆ ಪ್ಯಾರಾಮೀಟರ್ 1815ರ ಬಿಟ್ 2 ಆನ್ ಇರಬೇಕು. 1821 ಮತ್ತು 1882ರಲ್ಲಿ ಎರಡು ಸರಣಿಯ ಅಂತರ ಇರುತ್ತದೆ. 1 ಮೈಕ್ರಾನ್ ಲೆಕ್ಕದಲ್ಲಿ 20000 ಮತ್ತು 20020. ಬ್ಯಾಟರಿ ಹೋಗಿ ಪ್ಯಾರಾಮೀಟರ್ ಅಳಿಸಿದ ಮೆಷಿನ್‌ಗಳಲ್ಲಿ ಇವನ್ನು ಮೊದಲು ನೋಡಿ.

ಸೀಮೆನ್ಸ್ 840ಡಿ ಕಂಟ್ರೋಲ್‌ನಲ್ಲಿ ಅಲಾರಾಂ 20000 ಎಂದರೆ ಡಾಗ್ ತಲುಪಲಿಲ್ಲ, 20002 ಎಂದರೆ ನಿಗದಿತ ದೂರದೊಳಗೆ ಗುರುತು ಸಿಗಲಿಲ್ಲ. ಆ ದೂರ ಇರುವುದು ಮೆಷಿನ್ ಡೇಟಾ 34060ರಲ್ಲಿ. ಅಲಾರಾಂ ಹೋಗಲೆಂದು ಅದನ್ನು ಹೆಚ್ಚಿಸಬೇಡಿ: ಮೊದಲ ಗುರುತು ಕೊಳೆಯಾಗಿ ಓದಲಾಗದಿದ್ದರೆ ಅಕ್ಷ ಎರಡನೆಯದನ್ನು ಹಿಡಿದು, ಎಲ್ಲ ಸರಿಯಿದೆ ಎಂದು ತಪ್ಪು ಜಾಗದಲ್ಲಿ ನಿಲ್ಲುತ್ತದೆ.

## ಸ್ಕೇಲ್ ಅಥವಾ ಹೆಡ್ ಬದಲಿಸಿದ ಮೇಲೆ

ಹೊಸ ಸ್ಕೇಲ್ ತರಿಸುವ ಮುನ್ನ ಹಳೆಯದರ ಲೇಬಲ್‌ನ ಪೂರ್ತಿ ಮಾಡೆಲ್ ಹೆಸರು, ಐಡಿ ನಂಬರ್ ಕೊಡಿ. ಉದ್ದ, ರೆಸಲ್ಯೂಷನ್ ಹೇಳಿ ತರಿಸಿದರೆ ಗುರುತಿನ ಜಾತಿ ಬೇರೆ ಬರುವ ಸಂಭವವಿದೆ, ಕನೆಕ್ಟರ್ ಮಾತ್ರ ಸರಿಯಾಗಿ ಕೂರುತ್ತದೆ.

ಹೊಸದರಲ್ಲಿ ಗುರುತು ಹಳೆಯ ಜಾಗಕ್ಕೇ ಬರುವುದಿಲ್ಲ, ಎಷ್ಟು ಎಚ್ಚರದಿಂದ ಕಟ್ಟಿದರೂ. ಹಾಗಾಗಿ ಬಿಚ್ಚುವ ಮುನ್ನವೇ ಮೆಷಿನ್‌ನಲ್ಲಿ ಬದಲಾಗದ ಒಂದು ಮುಖಕ್ಕೆ ಡಯಲ್ ತಾಗಿಸಿ, ಕಂಟ್ರೋಲ್ ತೋರಿಸುವ ಅಂಕಿ ಬರೆದಿಡಿ. ಕಟ್ಟಿದ ಮೇಲೆ ಮತ್ತೆ ಅಲ್ಲಿಗೇ ಬಂದು, ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ರೆಫರೆನ್ಸ್ ಆಫ್‌ಸೆಟ್‌ನಲ್ಲಿ ತಿದ್ದಿ. ಫ್ಯಾನುಕ್‌ನಲ್ಲಿ ಸಾಮಾನ್ಯ ಗುರುತಿಗೆ 1850, ಕೋಡ್ ಮಾಡಿದ್ದಕ್ಕೆ 1883. ಸೀಮೆನ್ಸ್‌ನ ದಾರಿ ಬೇರೆ, ಆ ಮೆಷಿನ್‌ನ ಕಮಿಷನಿಂಗ್ ಕಾಗದ ನೋಡಿಯೇ ಮಾಡಿ. ತಿದ್ದಿದ ಮೇಲೆ ಸಾಫ್ಟ್ ಲಿಮಿಟ್ ನಿಧಾನವಾಗಿ ಎರಡೂ ತುದಿಗೆ ಹೋಗಿ ಪರೀಕ್ಷಿಸಿ. ಪಿಚ್ ಎರರ್ ತಿದ್ದುಪಡಿಯ ಪಟ್ಟಿ ಹಳೆಯ ಗಾಜಿಗೆ ಅಳೆದದ್ದು, ಲೇಸರ್‌ನಿಂದ ಹೊಸದಾಗಿ ಅಳೆಯುವವರೆಗೆ ಅದನ್ನು ನಂಬಬೇಡಿ. ಜ಼ಡ್ ಅಕ್ಷವಾದರೆ ಟೂಲ್ ಬದಲಿಸುವ ಎತ್ತರ, ಅಂದರೆ ಹಲವು ಮೆಷಿನ್‌ಗಳಲ್ಲಿ ಪ್ಯಾರಾಮೀಟರ್ 1241ರ ಎರಡನೇ ರೆಫರೆನ್ಸ್, ಸರಿಯಿದೆಯೇ ಎಂದು ನೋಡಲು ಮೊದಲ ಟೂಲ್ ಚೇಂಜನ್ನು ಟೂಲ್ ಹಾಕದೆ, ಕಡಿಮೆ ಓವರ್‌ರೈಡ್‌ನಲ್ಲಿ, ಕೈ ಎಮರ್ಜೆನ್ಸಿ ಬಟನ್ ಮೇಲಿಟ್ಟು ಮಾಡಿಸಿ.